ಚಕ್ರ ಎಣಿಸಿ ಕೊಡುವ ಮರ್ಯಾದೆ

(ಒಡೆಯರಪಾಳ್ಯದಲ್ಲಿ ಸೇರಿದ ಲಾರಿ, ಟಿಪ್ಪರ್ ಮತ್ತು ಪಿಕಪ್ ಚಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆ ಸೇರುವುದಕ್ಕೆ ಮೊದಲೇ ಒಂದು ತೊಡಕು ಎದ್ದಿತೆಂಬುದನ್ನು ನೀವೆಲ್ಲ ಬಲ್ಲಿರಿ. ಚಾಲಕರದೊಂದು ಸಂಘ ಆಗಬೇಕೆಂದು ಮಾತು ಹೊರಟಾಗ, ಸಂಘ ಏನು ಮಾಡಬೇಕೆಂದು ಯಾರೂ ಕೇಳಲಿಲ್ಲ. ಸಂಘದಲ್ಲಿ ಯಾರು ಇರಕೂಡದು ಎಂಬುದೇ ಮೊದಲ ಪ್ರಶ್ನೆಯಾಯಿತು. ಪಿಕಪ್ಪಿನವರು ಬಂದು ಕೂಡುವುದಾದರೆ ನಾವು ಬರುವುದಿಲ್ಲ ಎಂದು ಲಾರಿಯವರಲ್ಲಿ ಕೆಲವರು ಹೇಳಿದರು. ಲಾರಿಯವರ ಸಂಘದಲ್ಲಿ ನಮಗೆ ಚಾಪೆಯ ಅಂಚೇ ಗತಿ, ನಮ್ಮದು ನಮಗೆ ಬೇರೆಯೇ ಇರಲಿ ಎಂದು ಪಿಕಪ್ಪಿನವರು ಹೇಳಿದರು. ಟಿಪ್ಪರಿನವರನ್ನು ಎರಡೂ ಕಡೆಯವರು ಕರೆಯಲಿಲ್ಲ. ಕ್ಲೀನರುಗಳ ಮಾತನ್ನಂತೂ ಯಾರೂ ಎತ್ತಲೇ ಇಲ್ಲ. ಈಗ ಎಲ್ಲರೂ ಬಂದಿದ್ದೀರಿ, ಸಂತೋಷ. ಆದರೆ ಹೊರಗೆ ಗಾಡಿಗಳು ನಿಂತಿರುವ ಸಾಲಿನಲ್ಲಿಯೇ ಒಳಗೆ ನೀವೂ ಕುಳಿತಿದ್ದೀರಿ: ಮುಂದೆ ಹತ್ತು ಚಕ್ರ, ಅದರ ಹಿಂದೆ ಆರು ಚಕ್ರ, ಬಾಗಿಲ ಬಳಿ ನಾಲ್ಕು ಚಕ್ರ, ಹೊಸ್ತಿಲಾಚೆ ಕ್ಲೀನರುಗಳು.

ಇದಕ್ಕಾಗಿ ನಿಮ್ಮನ್ನು ಬೈಯಲು ನಾವು ಎದ್ದು ನಿಂತಿಲ್ಲ. ಮೇಲು ಕೀಳಿನ ಗೀಳು ಮೋಟಾರಿನವರಿಗೆ ಮಾತ್ರ ಅಂಟಿದ ರೋಗವಲ್ಲ. ನಾವು ಉಪಾಧ್ಯಾಯರಾಗಿದ್ದ ಕಾಲದಲ್ಲಿ ಕಂಡಿದ್ದೇವೆ. ಹೈಸ್ಕೂಲಿನ ಮೇಷ್ಟ್ರು ಪ್ರೈಮರಿಯ ಮೇಷ್ಟ್ರಿಗೆ ನಮಸ್ಕಾರವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ, ಕಾಯಂ ಆದವರು ಅತಿಥಿ ಶಿಕ್ಷಕರಿಗೆ ಕುರ್ಚಿ ತೋರಿಸುವುದಿಲ್ಲ. ಬಿಲ್ಲು ತಡವಾದ ತಿಂಗಳು ಮಾತ್ರ ಎಲ್ಲರೂ ಒಂದೇ ಅಂಗಡಿಯಲ್ಲಿ ಸಾಲ ಹೇಳುತ್ತಾರೆ.

ಮೋಟಾರಿನವರ ಗೀಳಿಗೆ ಈ ಸೀಮೆಯಲ್ಲಿ ಹಳೆಯ ಬೇರೇ ಇದೆ. ಒಂದೆತ್ತಿನ ಗಾಡಿಯವನನ್ನು ಜೋಡೆತ್ತಿನವನು ಕಂಡ ಕಣ್ಣಿನಲ್ಲೇ ಅದು ಮೊದಲಾಯಿತೆನ್ನಬೇಕು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಂದು ಸತ್ಯಮಂಗಲಕ್ಕೆ ಹೊರಟ ಲಾರಿ ಜಿಲ್ಲೆಯೊಳಗೇ ತಿರುಗುವ ಲಾರಿ. ಮೈಸೂರಿಗೆ ಹೊರಟದ್ದು ಪರರಾಜ್ಯಕ್ಕೆ ಹೊರಟ ಲಾರಿ. ಗಡಿ ಬದಲಾದ ದಿನ ರಸ್ತೆ ಒಂದಂಗುಲವೂ ಸರಿಯಲಿಲ್ಲ. ಆದರೆ ಪರ್ಮಿಟ್ಟು ತಲೆಕೆಳಗಾಯಿತು, ಅದರ ಜೊತೆಗೆ ಗತ್ತೂ ತಲೆಕೆಳಗಾಯಿತು. ಅದೇ ಕಾಲಕ್ಕೆ ಜಮ್‌ಷೆಡ್‌ಪುರದಲ್ಲಿ ಟಾಟಾದವರು ಜರ್ಮನಿಯ ಬೆಂಜ್ ಕಂಪೆನಿಯೊಡನೆ ಸೇರಿ 1954ರಿಂದ ಲಾರಿ ಮಾಡತೊಡಗಿದ್ದರು. 1948ರಲ್ಲಿ ಹುಟ್ಟಿದ ಅಶೋಕ್ ಮೋಟಾರ್ಸ್, ಇಂಗ್ಲೆಂಡಿನ ಲೈಲ್ಯಾಂಡ್ ಕಂಪೆನಿ ಪಾಲುಗಾರಿಕೆಗೆ ಬಂದ ಮೇಲೆ 1955ರಲ್ಲಿ ಅಶೋಕ್ ಲೈಲ್ಯಾಂಡ್ ಆಯಿತು. ಅದರ ಕಾರ್ಖಾನೆ ಮದ್ರಾಸಿನ ಮಗ್ಗುಲಿನ ಎಣ್ಣೂರಿನಲ್ಲಿ. ಅಲ್ಲಿಂದ ಮುಂದೆ ದಕ್ಷಿಣದ ರಸ್ತೆಗಳಲ್ಲಿ ಬೆಂಜಿನವರು, ಲೈಲ್ಯಾಂಡಿನವರು ಎಂದು ಎರಡು ಮತಗಳಾದವು. 1969ರಲ್ಲಿ ಜರ್ಮನ್ ಒಪ್ಪಂದ ಮುಗಿದರೂ ಜನರ ಬಾಯಲ್ಲಿ ಟಾಟಾ ಲಾರಿ ಬಹುಕಾಲ ಬೆಂಜ್ ಲಾರಿಯಾಗಿಯೇ ಉಳಿಯಿತು. ಹಳೆಯ ಚಾಲಕರ ಮುಂದೆ ಈ ಮಾತು ತೆಗೆದರೆ ಇಂದಿಗೂ ಒಂದು ಸಂಜೆ ಕಳೆದುಹೋಗುತ್ತದೆ, ಆದಕಾರಣ ಮುಂದಕ್ಕೆ ಹೋಗುತ್ತೇವೆ.

ಈಗಿನ ಪೈಪೋಟಿ ಎಂಜಿನ್ನಿನದಲ್ಲ, ಚಕ್ರದ್ದು. ತಳದಲ್ಲಿ 2005ರಲ್ಲಿ ಬಂದ ಟಾಟಾ ಏಸ್, ಅದರ ಮೇಲೆ ಪಿಕಪ್, ಅದರ ಮೇಲೆ 407, ಆಮೇಲೆ ಆರು ಚಕ್ರ, ಹತ್ತು, ಹನ್ನೆರಡು, ಹದಿನಾಲ್ಕು. ಎಲ್ಲಕ್ಕೂ ಮೇಲೆ ಟ್ರೈಲರು. ದೊಡ್ಡವರು ಚಿಕ್ಕ ಗಾಡಿಯನ್ನು ಬೆಂಕಿಪೊಟ್ಟಣ ಎನ್ನುತ್ತಾರೆ, ಚಿಕ್ಕವರು ದೊಡ್ಡ ಗಾಡಿಯನ್ನು ಹೆಬ್ಬಾವು ಎನ್ನುತ್ತಾರೆ. ಟಿಪ್ಪರಿನವನಿಗೆ ಹತ್ತು ಚಕ್ರವಿದ್ದರೂ ಅವನು ‘ಲೈನಿನವನಲ್ಲ, ಮಣ್ಣು ಹೊರುವವನು’. ಇನ್ನೂ ಒಂದು ವಿಚಿತ್ರ ನೋಡಿ. ಊರಿನಲ್ಲಿ ಒಂದೇ ಕೊಳಾಯಿಯ ಬಳಿ ನಿಲ್ಲದ ಎರಡು ಜಾತಿಯವರು ಕ್ಯಾಬಿನ್ನಿನೊಳಗೆ ಒಂದೇ ಬಾಟಲಿಯ ನೀರು ಕುಡಿಯುತ್ತಾರೆ, ಒಂದೇ ಕಂಬಳಿ ಹೊದೆಯುತ್ತಾರೆ. ದೊಡ್ಡ ದೊಡ್ಡವರ ಭಾಷಣಗಳಿಂದ ಆಗದ್ದನ್ನು ಲಾರಿಯ ಕ್ಯಾಬಿನ್ನು ಅಷ್ಟರಮಟ್ಟಿಗೆ ಮಾಡಿತು. ಹುಟ್ಟಿನ ಜಾತಿಯನ್ನು ಅಷ್ಟು ಸಡಿಲ ಮಾಡಿದ ಜನ ಚಕ್ರದ ಜಾತಿಯನ್ನು ಕಟ್ಟಿಕೊಂಡು ಕುಳಿತರಲ್ಲ!

ದೊಡ್ಡ ಗಾಡಿಯವರ ಹೆಮ್ಮೆಯಲ್ಲಿ ಹುರುಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಗೇರ್ಮಾಳಂ ದಾಟಿ ಹಾಸನೂರಿಗೆ ಹೋಗಿ, ಅಲ್ಲಿಂದ ದಿಂಬಂ ಇಳಿದು ಬಣ್ಣಾರಿ ಮುಟ್ಟುವ ದಾರಿ ನಿಮಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಆ ಘಾಟಿನ 27 ತಿರುವುಗಳನ್ನು ತುಂಬಿದ ಲೋಡಿನೊಡನೆ ಏರಿಸುವವನು, ಗಾಡಿಯ ಮೂತಿಯನ್ನು ಹೊರ ಅಂಚಿನವರೆಗೆ ಒಯ್ದು, ಹಿಂದಿನ ಚಕ್ರ ಒಳಗೋಡೆಗೆ ತಾಗದಂತೆ ಸುತ್ತಿಸಿ, ಎದುರಿಗೆ ಬಸ್ಸು ಬಂದರೆ ಏರಿನ ನಡುವೆಯೇ ತಡೆದು, ಮತ್ತೆ ಎತ್ತುವಾಗ ಒಂದು ಗೇಣೂ ಹಿಂದೆ ಜಾರದಂತೆ ಕ್ಲಚ್ಚು ಬಿಡಬೇಕು. ಇಳಿಯುವಾಗ ಬ್ರೇಕನ್ನೇ ನಂಬಿದವನ ಡ್ರಮ್ಮು ಕಾದು ಹೊಗೆಯಾಡುತ್ತದೆ. ಬಲ್ಲವನು ಗೇರಿನ ಮೇಲೆ ಇಳಿಸುತ್ತಾನೆ. ಇದು ವಿದ್ಯೆ. ಇದನ್ನು ವಿದ್ಯೆಯೆಂದು ಒಪ್ಪದವನು ಚಾಲಕರ ಸಭೆಯಲ್ಲಿ ಮಾತಾಡಲು ಅರ್ಹನಲ್ಲ.

ಆದರೆ ಪಿಕಪ್ಪಿನವನಿಗೆ ವಿದ್ಯೆ ಇಲ್ಲವೆ? ಅವನು ಹೊರುವುದು ಟೊಮೆಟೊ, ಬೀನ್ಸು, ಹೂವು. ಜೋಳದ ಮೂಟೆ ಒಂದು ದಿನ ತಡವಾದರೂ ಜೋಳವೇ. ಟೊಮೆಟೊ ಒಂದು ದಿನ ತಡವಾದರೆ ಗೊಬ್ಬರ. ಸಂಜೆ ಹೊಲದ ಬದುವಿನಲ್ಲಿ ಕ್ರೇಟು ತುಂಬಿಸಿ, ಬೆಳಗಿನ ಹರಾಜಿಗೆ ಮೊದಲು ಮಾರುಕಟ್ಟೆಯ ಬಾಗಿಲಲ್ಲಿ ಇರಬೇಕು. ಜೊತೆಗೆ ಕ್ಲೀನರಿಲ್ಲ, ನಿದ್ದೆ ಬಂದರೆ ಮಾತಾಡಿಸುವವರಿಲ್ಲ. ಟಿಪ್ಪರಿನವನ ಕಥೆ ಬೇರೆ. ಅವನಿಗೆ ಬಹುಮಟ್ಟಿಗೆ ಟ್ರಿಪ್ಪಿನ ಲೆಕ್ಕದಲ್ಲಿ ಕಾಸು. ಅವನು ಮೈಮೇಲೆ ಬಿದ್ದು ಓಡಿಸುತ್ತಾನೆಂದು ಊರೆಲ್ಲ ಶಪಿಸುತ್ತದೆ. ಎಷ್ಟು ಟ್ರಿಪ್ಪು ಹೊಡೆದೆ ಎಂದು ಸಂಜೆ ಕೇಳುವವನನ್ನು ಮಾತ್ರ ಯಾರೂ ಶಪಿಸುವುದಿಲ್ಲ.

ಏರುದಾರಿಯಲ್ಲಿ ಯಾರಿಗೆ ಯಾರು ದಾರಿ ಬಿಡಬೇಕೆಂಬುದು ನಿಮ್ಮಲ್ಲಿ ಆಗಾಗ್ಗೆ ಕೈ ಕೈ ಮಿಲಾಯಿಸುವವರೆಗೆ ಹೋಗುವ ಜಗಳವೆಂದು ಕೇಳಿದ್ದೇವೆ. ಕಾಯಿದೆಯ ಮಾತು ಸರಳವಾಗಿದೆ: ಕಡಿದಾದ ಕಿರಿದಾರಿಯಲ್ಲಿ ಇಳಿಯುವವನು ನಿಂತು ಏರುವವನಿಗೆ ದಾರಿ ಬಿಡಬೇಕು. ಏರುವವನಿಗೆ ಎಷ್ಟು ಚಕ್ರವೆಂದು ಅದು ಕೇಳುವುದಿಲ್ಲ.

ಹಾಗೆಂದು ಕಾಯಿದೆಗೆ ಚಕ್ರದ ಭೇದವೇ ತಿಳಿಯದೆಂದಲ್ಲ. ಲೈಸೆನ್ಸಿನ ವಿಷಯ ತೆಗೆದುಕೊಳ್ಳಿ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ 7,500 ಕಿಲೋ ತೂಕದವರೆಗಿನದು ಲಘು ವಾಹನ. ಲಘು ವಾಹನದ ಲೈಸೆನ್ಸು ಇರುವವನು ಬಾಡಿಗೆ ಹೊಡೆಯುವ ಸಣ್ಣ ಸರಕು ಗಾಡಿಯನ್ನು ಓಡಿಸಬಹುದೇ, ಅದಕ್ಕೆ ಬೇರೆ ಅನುಮತಿ ಬೇಕೇ ಎಂದು ವರ್ಷಗಟ್ಟಳೆ ವ್ಯಾಜ್ಯ ನಡೆಯಿತು. ವ್ಯಾಜ್ಯ ಹೂಡಿದವರು ದೊಡ್ಡ ಲಾರಿಯ ಚಾಲಕರಲ್ಲ, ವಿಮಾ ಕಂಪೆನಿಗಳು; ಪರಿಹಾರ ಕೊಡದೆ ತಪ್ಪಿಸಿಕೊಳ್ಳಲು ಅವಕ್ಕೆ ಒಂದು ಸಂದು ಬೇಕಾಗಿತ್ತು. ಓಡಿಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. 2024ರ ನವೆಂಬರ್ 6ರಂದು ಐವರು ನ್ಯಾಯಾಧೀಶರ ಪೀಠ ಅದನ್ನೇ ಎತ್ತಿಹಿಡಿಯಿತು. ಇಂಥ ಲೈಸೆನ್ಸಿನವರಿಂದಲೇ ಅಪಘಾತಗಳು ಹೆಚ್ಚುತ್ತಿವೆ ಎಂಬುದಕ್ಕೆ ಅಂಕಿಅಂಶವನ್ನು ಯಾರೂ ಮುಂದಿಟ್ಟಿಲ್ಲವೆಂದೂ ಹೇಳಿತು. ನಾಲ್ಕು ಚಕ್ರದವನು ಡ್ರೈವರೇ ಅಲ್ಲ ಎನ್ನುವ ಗೆಳೆಯರು, ತಿಳಿಯದೆಯೆ, ವಿಮಾ ಕಂಪೆನಿಯ ವಕೀಲರ ಮಾತನ್ನು ಆಡುತ್ತಿದ್ದಾರೆ. ಅದೂ ಅಲ್ಲದೆ, ಭಾರಿ ವಾಹನದ ಲೈಸೆನ್ಸಿಗೆ ಕೈ ಹಾಕಬೇಕಾದರೆ ಮೊದಲು ಒಂದು ವರ್ಷ ಲಘು ವಾಹನದ ಲೈಸೆನ್ಸು ಜೇಬಿನಲ್ಲಿರಬೇಕು. ಟ್ರೈಲರಿನವರೂ ಒಂದು ಕಾಲಕ್ಕೆ ಬೆಂಕಿಪೊಟ್ಟಣದವರೇ.

ಇನ್ನೊಂದು ಗೆರೆ ಇತ್ತೀಚಿನದು. 2025ರ ಅಕ್ಟೋಬರ್ 1ರಿಂದ ತಯಾರಾಗುವ, 3.5 ಟನ್ನಿಗೆ ಮೇಲ್ಪಟ್ಟ ಸರಕು ಗಾಡಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವೆಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ಒಳ್ಳೆಯದು, ಎಂಜಿನ್ನಿನ ಮೇಲೆ ಕುಳಿತು ಬೇಯುವವನಿಗೆ ತಂಪು ಸಿಗಲಿ. ಆದರೆ ಏಸು, ಪಿಕಪ್ಪು ಸಾಮಾನ್ಯವಾಗಿ ಆ ಗೆರೆಯ ಕೆಳಗೆ ಬೀಳುತ್ತವೆ. ಅಲ್ಲಿ ಕುಳಿತವನಿಗೆ ಬಿಸಿಲು ಕಡಿಮೆಯೆಂದು ಯಾರು ಅಳೆದರೋ ನಾವರಿಯೆವು. ಅದಕ್ಕೆ ಮೊದಲು ತಯಾರಾದ ಲಾರಿಗೂ ಇದು ಅನ್ವಯಿಸದು. ಹೊಸ ಗಾಡಿಯವನು ಗಾಜು ಏರಿಸಿಕೊಂಡು ಹೋಗುವಾಗ ಹಳೆಯ ಗಾಡಿಯವನು ಅವನನ್ನು ನೋಡಿ ಹಲ್ಲು ಕಡಿಯುತ್ತಾನೆ. ಹಲ್ಲು ಕಡಿಯಬೇಕಾದದ್ದು ಅವನ ಮೇಲಲ್ಲ.

ಈಗ ನಾವು ಹೇಳಬೇಕೆಂದು ಬಂದ ಮುಖ್ಯ ಮಾತಿಗೆ ಬರುತ್ತೇವೆ. ಕರಿಹಲಗೆ ಇಲ್ಲ, ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳಿ. ಆರು ಚಕ್ರದ ಲಾರಿಗೆ ಗಾಡಿಯ ತೂಕವೂ ಸೇರಿ ಹಿಂದೆ 16.2 ಟನ್ನಿನ ಮಿತಿ ಇತ್ತು. ಅದರಲ್ಲಿ ಸರಕು ಸುಮಾರು 10 ಟನ್ನು. ಹನ್ನೆರಡು ಚಕ್ರದ ಲಾರಿ ಅದರ ಎರಡರಷ್ಟಕ್ಕೂ ಮಿಕ್ಕಿ ಹೊರುತ್ತದೆ. ಎರಡು ಲಾರಿ, ಇಬ್ಬರು ಚಾಲಕರು, ಇಬ್ಬರು ಕ್ಲೀನರುಗಳು ಮಾಡುತ್ತಿದ್ದ ಕೆಲಸವನ್ನು ಒಂದು ಲಾರಿ, ಒಬ್ಬ ಚಾಲಕ ಮಾಡುತ್ತಾನೆ. ಧಣಿಗೆ ಬಾಡಿಗೆ ಟನ್ನಿನ ಮೇಲೆ ಬರುತ್ತದೆ. ಚಾಲಕನಿಗೆ ಸಂಬಳ, ಬಾಟಾ ಎರಡರಷ್ಟಾಯಿತೆ? ಹನ್ನೆರಡು ಚಕ್ರದವರು ಇಲ್ಲಿಯೇ ಇದ್ದೀರಿ, ಎದ್ದು ಹೇಳಿ. ಯಾರೂ ಏಳುತ್ತಿಲ್ಲ. ಆರು ಚಕ್ರದವನಿಗಿಂತ ನಿಮಗೆ ನಾಲ್ಕು ಕಾಸು ಹೆಚ್ಚು ಬರಬಹುದು, ಇಲ್ಲವೆನ್ನುವುದಿಲ್ಲ. ಉಳಿದ ಕೊರತೆಯನ್ನು ಧಣಿ ಯಾವುದರಿಂದ ತುಂಬಿಸಿದ್ದಾನೆ? ‘ನೀನು ದೊಡ್ಡ ಗಾಡಿಯ ಡ್ರೈವರು’ ಎಂಬ ಮರ್ಯಾದೆಯಿಂದ. ಇಂಥ ಮರ್ಯಾದೆಗೆ ಅವನ ಪೆಟ್ಟಿಗೆಯಿಂದ ಒಂದು ಕಾಸೂ ಖರ್ಚಿಲ್ಲ. ಅದನ್ನು ನಿಮಗೆ ತಂದುಕೊಡುವವರು ನಿಮ್ಮ ಕೆಳಗೆ ನಿಂತ ಚಿಕ್ಕ ಗಾಡಿಯವರು. ಅವರಿಗೆ ಅಷ್ಟು ಅಗೌರವ ಕಡಿಮೆಯಾದರೆ ನಿಮ್ಮ ಗೌರವ ಅಷ್ಟು ಕರಗುತ್ತದೆ. ಆಗ ಸಂಬಳದ ಕೊರತೆ ಕಣ್ಣಿಗೆ ಕಾಣಿಸೀತು.

2018ರ ಜುಲೈಯಲ್ಲಿ ನಡೆದುದನ್ನು ನೆನಪು ಮಾಡಿಕೊಳ್ಳಿ. ಕೇಂದ್ರ ಸರ್ಕಾರ ಒಂದು ಅಧಿಸೂಚನೆಯಿಂದ ಲಾರಿಗಳ ತೂಕದ ಮಿತಿ ಏರಿಸಿತು. ಎರಡು ಅಚ್ಚಿನ ಲಾರಿಗೆ 16.2ರಿಂದ 18.5 ಟನ್ನು, ಮೂರು ಅಚ್ಚಿನದಕ್ಕೆ 25ರಿಂದ 28.5, ಐದು ಅಚ್ಚಿನದಕ್ಕೆ 37ರಿಂದ 43.5. ಅದುವರೆಗೆ ಕದ್ದು ಹೇರುತ್ತಿದ್ದ ಭಾರದಲ್ಲಿ ಒಂದಷ್ಟು ಸಕ್ರಮವಾಯಿತು. ಅದರ ಮೇಲೆ ಮತ್ತೆ ಕದ್ದು ಹೇರುವುದು ಮುಂದುವರಿಯಿತು. ಅದೇ ವರ್ಷ ಇನ್ನೊಂದು ನಿಯಮವನ್ನೂ ತೆಗೆದುಹಾಕಿದರು. ನ್ಯಾಷನಲ್ ಪರ್ಮಿಟ್ಟಿನ ಲಾರಿಗೆ ಇಬ್ಬರು ಚಾಲಕರಿರಬೇಕೆಂದು ಇದ್ದ ಕಡ್ಡಾಯ ಹೋಯಿತು. ಭಾರ ಏರಿತು, ಹೆಗಲು ಕಡಿಮೆಯಾಯಿತು. ಹೆಚ್ಚುವರಿ ಟನ್ನಿಗೆ ಬಾಟಾ ಏರಿಸಬೇಕೆಂದು ಹತ್ತು ಚಕ್ರದವರೂ ಹದಿನಾಲ್ಕು ಚಕ್ರದವರೂ ಒಟ್ಟಾಗಿ ಕೇಳಿದ್ದುಂಟೆ? ನಮಗೆ ತಿಳಿದಂತೆ ಈ ದಾರಿಯಲ್ಲಿ ಇಲ್ಲ. ಭಾರ ಹೆಚ್ಚಾಗಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡ, ಹೆಚ್ಚಾದ ಒಂದೊಂದು ಟನ್ನಿಗೂ 2,000 ರೂಪಾಯಿ ಬೇರೆ. ಅದರಲ್ಲಿ ಎಷ್ಟು ಬಾಟಾದಿಂದ ಹಿಡಿಯಲ್ಪಡುತ್ತದೆಂಬುದು ಹಿಡಿಸಿಕೊಂಡವರಿಗೆ ಗೊತ್ತು.

ದಿಂಬಂ ಘಾಟಿನ ವಿಷಯವೂ ಇಲ್ಲಿ ಬರಬೇಕು, ಏಕೆಂದರೆ ನಿಮ್ಮ ಈಗಿನ ಮನಸ್ತಾಪ ಬೆಳೆದದ್ದು ಅಲ್ಲಿಂದಲೇ. ಅದು ಹುಲಿ ಅಭಯಾರಣ್ಯದ ದಾರಿ. ಈರೋಡಿನ ಕಲೆಕ್ಟರರು 2019ರ ಜನವರಿಯಲ್ಲಿ ಹೊರಡಿಸಿದ ರಾತ್ರಿ ಸಂಚಾರದ ನಿಷೇಧ ಮೂರು ವರ್ಷ ಕಾಗದದಲ್ಲಿ ಮಲಗಿತ್ತು. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಎಬ್ಬಿಸಿತು. ಆ ಏಪ್ರಿಲಿನಲ್ಲಿ ಹನ್ನೆರಡಕ್ಕಿಂತ ಹೆಚ್ಚು ಚಕ್ರದ ಗಾಡಿಗಳಿಗೆ ಹಗಲಿನಲ್ಲೂ ಪ್ರವೇಶವಿಲ್ಲವೆಂದಾಯಿತು, ಭಾರಕ್ಕೂ 16.2 ಟನ್ನಿನ ಮಿತಿ ಬಂತು. ಆರು ಚಕ್ರದವರಿಗೆ ಈ ಸಂಖ್ಯೆ ಹಳೆಯ ಪರಿಚಯ. ಆನೆ ರಸ್ತೆಗೆ ಬಂದು ಕಾರಪಳ್ಳಂ ಚೆಕ್‌ಪೋಸ್ಟಿನಲ್ಲಿ ಕಬ್ಬಿನ ಲಾರಿಯನ್ನು ತಡೆಯುವುದನ್ನು ನೀವು ಕಣ್ಣಾರೆ ಕಂಡವರು. ಕಾಡಿಗೆ ರಾತ್ರಿಯ ನೆಮ್ಮದಿ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ನಾವು ನೋಡಿದ್ದು ಬೇರೆ. ತಿರುವಿನಲ್ಲಿ ಟ್ರೈಲರು ಸಿಕ್ಕಿಕೊಂಡು ಗಂಟೆಗಟ್ಟಳೆ ಕಾದು ಬೇಸತ್ತ ಆರು ಚಕ್ರದವರು, ‘ಒಳ್ಳೆಯದಾಯಿತು, ಹೆಬ್ಬಾವು ತೊಲಗಿತು, ಇನ್ನು ಲೋಡು ನಮಗೆ’ ಎಂದು ಸಂಭ್ರಮಪಟ್ಟರು. ಲೋಡು ಸ್ವಲ್ಪ ಬಂದದ್ದೂ ನಿಜ. ದೊಡ್ಡ ಗಾಡಿಯವರು ಬಳಸುದಾರಿ ಹಿಡಿದರು. ಸುತ್ತು ಹೆಚ್ಚಾದುದಕ್ಕೆ ಡೀಸೆಲ್ಲನ್ನು ಧಣಿ ಕೊಟ್ಟ, ಹೆಚ್ಚಾದ ಗಂಟೆಗಳನ್ನು ಚಾಲಕ ಕೊಟ್ಟ. ಆ ಗಂಟೆಗಳಿಗೆ ಬೆಲೆ ಕಟ್ಟಿಸುವ ಮಾತನ್ನು ಆರು ಚಕ್ರದವರು ಆಡಬಹುದಾಗಿತ್ತು. ಆಡಲಿಲ್ಲ. ಮರುವರ್ಷ ಜೋಳದ ಕಾಲದಲ್ಲಿ ಪಿಕಪ್ಪಿನವರು ಲೋಡು ಎತ್ತತೊಡಗಿದಾಗ, ಅದೇ ಆರು ಚಕ್ರದವರು ಅನ್ಯಾಯ ಅನ್ಯಾಯವೆಂದು ಕೂಗಿದರು. ಆಗ ದೊಡ್ಡ ಗಾಡಿಯವರು ನಕ್ಕರು.

ಈ ಜೋಳದ ವ್ಯವಹಾರವನ್ನು ಸ್ವಲ್ಪ ಬಿಡಿಸಿ ನೋಡೋಣ. ಊರವರ ಹೊಲವಿರಲಿ, 1970ರ ದಶಕದಿಂದ ಇಲ್ಲಿ ನೆಲೆಸಿರುವ ಟಿಬೆಟಿನವರ ಹೊಲವಿರಲಿ, ಕಟಾವು ಎಲ್ಲರದೂ ಒಟ್ಟಿಗೆ ಬರುತ್ತದೆ. ಕೋಳಿ ಮೇವಿಗಾಗಿ ಅದು ನಾಮಕ್ಕಲ್ ಕಡೆಗೋ, ಇಲ್ಲವೆ ಲೊಕ್ಕನಹಳ್ಳಿಯ ಮೇಲೆ ಕೊಳ್ಳೇಗಾಲದ ಕಡೆಗೋ ಹೋಗಬೇಕು. ದಲ್ಲಾಳಿಯ ಕೈಯಲ್ಲಿ ಒಂದು ಫೋನಿದೆ. ಲಾರಿಯವನಿಗೆ ಹೇಳುತ್ತಾನೆ: ಪಿಕಪ್ಪಿನವರು ಮೂಟೆಗೆ ಇಷ್ಟಕ್ಕೇ ಒಪ್ಪಿದ್ದಾರೆ, ನೀನು ಇಳಿಸುತ್ತೀಯೋ ಇಲ್ಲವೋ. ಲಾರಿಯವನು ಇಳಿಸುತ್ತಾನೆ. ಮರುಗಳಿಗೆಯಲ್ಲಿ ಪಿಕಪ್ಪಿನವನಿಗೆ ಹೇಳುತ್ತಾನೆ: ಲಾರಿಯವರೇ ಇಷ್ಟಕ್ಕೆ ಇಳಿದಿದ್ದಾರೆ, ನಿನ್ನ ಸಣ್ಣ ಗಾಡಿಗೆ ಅದಕ್ಕಿಂತ ಹೆಚ್ಚು ಹೇಗೆ ಕೊಡಲಿ. ಇಬ್ಬರೂ ಸಂಜೆ ಒಂದೇ ಹೋಟೆಲಿನಲ್ಲಿ ಬೆನ್ನು ತಿರುಗಿಸಿಕೊಂಡು ಟೀ ಕುಡಿಯುತ್ತಾರೆ. ಒಬ್ಬರನ್ನೊಬ್ಬರು ‘ನಿನಗೆ ಎಷ್ಟು ಹೇಳಿದ?’ ಎಂದು ಕೇಳಿದರೆ ಆ ಫೋನಿನ ಆಟ ಅಲ್ಲಿಗೆ ನಿಂತೀತು. ಆದರೆ ಕೇಳಲು ಮರ್ಯಾದೆ ಅಡ್ಡ ಬರುತ್ತದೆ.

ಪಿಕಪ್ಪಿನವರು ಮಾಲೀಕರು, ದುಡಿಮೆಗಾರರಲ್ಲ, ಅವರನ್ನು ಚಾಲಕರ ಸಂಘಕ್ಕೆ ಸೇರಿಸುವುದು ಹೇಗೆ ಎಂದು ಒಬ್ಬ ಹಿರಿಯ ಚಾಲಕರು ಕೇಳಿದ್ದಾರೆ. ಇದು ಹಗುರವಾದ ಪ್ರಶ್ನೆಯಲ್ಲ. ಗಾಡಿಯ ಆರ್.ಸಿ. ಪುಸ್ತಕದಲ್ಲಿ ಅವರ ಹೆಸರಿದೆ, ನಿಜ. ಅದೇ ಪುಸ್ತಕದಲ್ಲಿ ಸಾಲ ಕೊಟ್ಟ ಫೈನಾನ್ಸ್ ಕಂಪೆನಿಯ ಹೆಸರೂ ಇದೆ. ಕಂತು ತಪ್ಪಿದ ತಿಂಗಳು ಗಾಡಿ ಯಾರ ಶೆಡ್ಡಿಗೆ ಹೋಗುತ್ತದೆಯೋ ಅವನೇ ಮಾಲೀಕ. ಎರಡನೆಯ ಗಾಡಿ ಕೊಂಡು, ಅದಕ್ಕೆ ಸಂಬಳದ ಹುಡುಗನನ್ನು ಇಟ್ಟವನ ಮಾತು ಬೇರೆ. ಅವನು ಆ ಹುಡುಗನಿಗೆ ಏನು ಕೊಡುತ್ತಾನೆಂದು ನೋಡಿ ತೀರ್ಮಾನಿಸಬೇಕು. ಪಿಕಪ್ಪಿನವರಿಗೂ ಒಂದು ಮಾತನ್ನು ಮುಲಾಜಿಲ್ಲದೆ ಹೇಳುತ್ತೇವೆ. ಮಾದೇಶ್ವರನ ಬೆಟ್ಟದ ಜಾತ್ರೆಗೆಂದು, ಮದುವೆಗೆಂದು, ಕೂಲಿಗೆಂದು ಸರಕಿನ ತೊಟ್ಟಿಯಲ್ಲಿ ಜನರನ್ನು ನಿಲ್ಲಿಸಿಕೊಂಡು ಹೋಗುವುದನ್ನು ಬಿಡಿ. ಉಳಿದವರಿಗೆ ನಿಮ್ಮ ಮೇಲೆ ಇರುವ ತಾತ್ಸಾರದಲ್ಲಿ ನ್ಯಾಯವಾದ ಪಾಲು ಯಾವುದಾದರೂ ಇದ್ದರೆ ಅದು ಇದೊಂದೇ.

ಕೆಲಸದ ಗಂಟೆಗಳ ಕಾಯಿದೆಯನ್ನು ನೋಡಿದರೆ ಎಲ್ಲ ಚಕ್ರದವರೂ ಒಂದೇ ಬಾವಿಯಲ್ಲಿ ಬಿದ್ದಿರುವುದು ತಿಳಿಯುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತು. ಆದರೆ ಐದು ಮಂದಿ ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಮಾತ್ರ. ಧಣಿಗಳು ಒಂದು ಲಾರಿಯನ್ನು ಹೆಂಡತಿಯ ಹೆಸರಿನಲ್ಲಿ, ಇನ್ನೊಂದನ್ನು ಭಾವಮೈದುನನ ಹೆಸರಿನಲ್ಲಿ ಬರೆಸಿದರು. ಐದನೆಯ ಕೆಲಸಗಾರ ಕಾಗದದ ಮೇಲೆ ಹುಟ್ಟಲೇ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಆ ಕಾಯಿದೆಯನ್ನು ತಮ್ಮೊಳಗೆ ಸೇರಿಸಿಕೊಂಡವು. ಅಲ್ಲಿ ಐದು ಹೋಗಿ ಹತ್ತಾಗಿದೆ. ಏಸಿನವನೂ ಟ್ರೈಲರಿನವನೂ ಎಷ್ಟು ಹೊತ್ತು ನಿದ್ದೆಗೆಟ್ಟರೂ, ಅವರ ಗಾಡಿ ಒಂದೆರಡೇ ಲಾರಿಯ ಧಣಿಯದಾದರೆ, ಗಂಟೆ ಎಣಿಸುವವರು ಯಾರೂ ಇಲ್ಲ.

ನಂಬರ್ ಪ್ಲೇಟಿನ ಜಾತಿಯೊಂದಿದೆ, ಅದನ್ನು ಹೇಳದಿದ್ದರೆ ತಪ್ಪಾದೀತು. ಕಾವೇರಿಯ ಗಲಭೆಯಲ್ಲಿ, 2016ರ ಸೆಪ್ಟೆಂಬರ್ 12ರಂದು, ಬೆಂಗಳೂರಿನಲ್ಲಿ ಟಿಎನ್ ಎಂದು ಬರೆದ ಲಾರಿ ಬಸ್ಸುಗಳು ಸುಟ್ಟವು. ಗಡಿಯಾಚೆ ತಾಳವಾಡಿಯಲ್ಲಿ ಕನ್ನಡವಾಡುವವನ ಲಾರಿಗೂ ಟಿಎನ್ ಎಂದೇ ಬರೆದಿರುತ್ತದೆ; ಈಚೆ ಮನೆಯಲ್ಲಿ ತಮಿಳಾಡುವವನ ಗಾಡಿಗೆ ಕೆಎ 10. ಇದಕ್ಕಿಂತ ಹೆಚ್ಚು ವಿವರಣೆ ಈ ಊರಿನವರಿಗೆ ಬೇಡ.

ಎಲ್ಲರೂ ಒಂದಾಗಲು ಸಾಧ್ಯವೇ ಎಂದು ಕೇಳುವವರು 2024ರ ಜನವರಿಯ ಮೊದಲ ಎರಡು ದಿನಗಳನ್ನು ನೆನೆಯಲಿ. ಅಪಘಾತದಲ್ಲಿ ಸಾವು ಸಂಭವಿಸಿ, ಚಾಲಕ ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಸೆರೆ ಎಂದು ಹೊಸ ನ್ಯಾಯ ಸಂಹಿತೆಯ 106ನೆಯ ಕಲಮಿನ ಎರಡನೆಯ ಉಪಕಲಂ ಹೇಳಿತ್ತು. ನಿಂತರೆ ಜನ ಹೊಡೆದು ಕೊಲ್ಲುತ್ತಾರೆ, ಓಡಿದರೆ ಹತ್ತು ವರ್ಷ. ಉತ್ತರ, ಪಶ್ಚಿಮ ಭಾರತದಲ್ಲಿ ಚಾಲಕರು ಗಾಡಿ ನಿಲ್ಲಿಸಿಬಿಟ್ಟರು. ಸಾಮಾನ್ಯವಾಗಿ ಲಾರಿ ಮುಷ್ಕರವೆಂದರೆ ಮಾಲೀಕರ ಮುಷ್ಕರ. ಡೀಸೆಲ್ ಬೆಲೆಗೆ, ಟೋಲಿಗೆ ಅವರು ಕರೆ ಕೊಡುತ್ತಾರೆ, ಚಾಲಕ ಬಾಟಾ ಇಲ್ಲದೆ ಕೂಡುತ್ತಾನೆ. ಇದು ಸ್ಟಿಯರಿಂಗ್ ಹಿಡಿದವರೇ ಎದ್ದ ಮುಷ್ಕರ. ಪೆಟ್ರೋಲ್ ಬಂಕುಗಳ ಮುಂದೆ ಊರುದ್ದ ಸಾಲು ಬೆಳೆಯಿತು. ಜನವರಿ 2ರ ರಾತ್ರಿಯೇ ಸರ್ಕಾರ ಸಾರಿಗೆಯವರೊಡನೆ ಮಾತಾಡದೆ ಅದನ್ನು ಜಾರಿಗೆ ತರುವುದಿಲ್ಲವೆಂದಿತು. ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಉಪಕಲಂ ಒಂದನ್ನು ಬದಿಗಿಟ್ಟರು. ನಿಂತ ಗಾಡಿಗಳಲ್ಲಿ ಟ್ಯಾಂಕರೂ ಇತ್ತು, ಟೆಂಪೋವೂ ಇತ್ತು. ಆ ಎರಡು ದಿನ ಯಾರು ಯಾರ ಚಕ್ರವನ್ನು ಎಣಿಸಿದರು?

ಕ್ಲೀನರುಗಳ ಮಾತೊಂದು ಉಳಿದಿದೆ. ನೀವೆಲ್ಲ ಆ ಮೆಟ್ಟಿಲಿನಿಂದಲೇ ಏರಿದವರು. ಟೈರಿಗೆ ಕಲ್ಲು ಕೊಟ್ಟು, ಹಗ್ಗ ಬಿಗಿದು, ಗುರುವಿನ ಬೈಗುಳ ತಿಂದು, ಧಣಿಗೆ ಗೊತ್ತಾಗದಂತೆ ಬೆಳಗಿನ ಜಾವದ ಬಯಲುದಾರಿಯಲ್ಲಿ ಸ್ಟಿಯರಿಂಗ್ ಹಿಡಿದು ಕಲಿತವರು. ಎಂಟನೆಯ ತರಗತಿ ಪಾಸಾಗದವರಿಗೆ ಸಾರಿಗೆ ವಾಹನದ ಲೈಸೆನ್ಸಿಲ್ಲವೆಂಬ ನಿಯಮ 2019ರವರೆಗೆ ಇತ್ತು. ಮೇಷ್ಟ್ರ ಕಸುಬು ಮಾಡಿದವರಾದರೂ ನಾವು ಅದು ಹೋದುದಕ್ಕೆ ಸಂತೋಷಪಟ್ಟೆವು. ಏಳನೆಯ ತರಗತಿಗೆ ಶಾಲೆ ಬಿಟ್ಟ ಎಷ್ಟೋ ಜನ ಅದರಿಂದಾಗಿ ಹತ್ತು ವರ್ಷ ಎಡಗಡೆಯ ಸೀಟಿನಲ್ಲೇ ಉಳಿದರು. ಈಗ ನಿಯಮ ಹೋಗಿದೆ, ಆದರೆ ಕ್ಲೀನರೇ ಕಡಿಮೆಯಾಗುತ್ತಿದ್ದಾನೆ. ಒಬ್ಬನೇ ಹೋಗು ಎನ್ನುತ್ತಾನೆ ಧಣಿ. ಕ್ಲೀನರನ್ನು ಕಳೆದುಕೊಂಡ ಲಾರಿಯವನು ಪಿಕಪ್ಪಿನವನಂತೆ ಒಂಟಿಯಾಗಿದ್ದಾನೆ.

ಕರ್ನಾಟಕದಲ್ಲಿ 2024ರಲ್ಲಿ ಬಂದ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯಿದೆ ಚಾಲಕನನ್ನೂ, ಕ್ಲೀನರನ್ನೂ, ಗ್ಯಾರೇಜಿನ ಹುಡುಗನನ್ನೂ ಒಂದೇ ಪಟ್ಟಿಯಲ್ಲಿ ಸೇರಿಸುತ್ತದೆ. ನೋಂದಾಯಿಸಿಕೊಂಡವನು ಅಪಘಾತದಲ್ಲಿ ಸತ್ತರೆ ಮನೆಯವರಿಗೆ 5 ಲಕ್ಷ ರೂಪಾಯಿ. ಅದನ್ನು ಪಡೆಯಲು ಹೆಸರು ಪಟ್ಟಿಯಲ್ಲಿರಬೇಕು. ಇಲ್ಲಿ ಕುಳಿತವರಲ್ಲಿ ಎಷ್ಟು ಜನರ ಹೆಸರಿದೆಯೆಂದು ಕೈ ಎತ್ತಿ ಎಂದಾಗ ಎದ್ದ ಕೈಗಳನ್ನು ನೀವೇ ನೋಡಿದಿರಿ. ಸಂಘ ಆಗಲಿ ಬಿಡಲಿ, ಈ ಕೆಲಸವನ್ನು ನಾವು ನಾಳೆಯಿಂದಲೇ ಮಾಡಿಕೊಡುತ್ತೇವೆ. ಲೈಸೆನ್ಸು, ಆಧಾರ್, ಬ್ಯಾಂಕಿನ ಪುಸ್ತಕ ತನ್ನಿ.

ಸಂಘದ ನಿಯಮಗಳಲ್ಲಿ ನಮ್ಮ ಸಲಹೆ ಎರಡೇ. ಚಂದಾ ಎಲ್ಲರಿಗೂ ಒಂದೇ ಇರಲಿ. ದೊಡ್ಡ ಗಾಡಿಯವರು ಹೆಚ್ಚು ಕೊಡುತ್ತೇವೆಂದು ಉದಾರವಾಗಿ ಹೇಳಿದ್ದಾರೆ. ಬೇಡ, ಹೆಚ್ಚು ಕೊಟ್ಟವರು ಮುಂದಿನ ಸಾಲಿನಲ್ಲಿ ಕೂಡುತ್ತಾರೆ. ಇನ್ನೊಂದು, ಜೋಳದ ಕಾಲದಲ್ಲಿ ದಲ್ಲಾಳಿ ಹೇಳಿದ ಬಾಡಿಗೆಯನ್ನು ಸಂಜೆಯೊಳಗೆ ಎಲ್ಲರಿಗೂ ತಿಳಿಯುವಂತೆ ಹೋಟೆಲಿನ ಹಲಗೆಯ ಮೇಲೆ ಬರೆಯುವುದು. ಲೋಡಿನ ಸರದಿಯನ್ನು ಹೇಗೆ ಇಡಬೇಕು, ಇಷ್ಟು ಮೈಲಿಯೊಳಗಿನದು ಪಿಕಪ್ಪಿಗೆ, ಅದರಾಚೆಯದು ಲಾರಿಗೆ ಎಂದು ಗೆರೆ ಎಳೆಯಬೇಕೆ, ಇಲ್ಲ ಮೂಟೆಯ ಲೆಕ್ಕದಲ್ಲಿ ಹಂಚಬೇಕೆ ಎಂಬುದು ಕಠಿಣವಾದ ಪ್ರಶ್ನೆ. ಸ್ಟಿಯರಿಂಗ್ ಹಿಡಿದವರೇ ಅದನ್ನು ತೀರ್ಮಾನಿಸಬೇಕು. ಕತ್ತಲಾಗುವ ಮೊದಲು ಘಾಟಿ ಇಳಿಯಬೇಕಾದವರು ನಾಲ್ಕಾರು ಮಂದಿ ಇದ್ದಾರೆ, ಅವರ ಮಾತು ಮೊದಲಾಗಲಿ. ಆಮೇಲೆ ಟಿಪ್ಪರಿನವರು ಮಾತಾಡಲಿ. ಅವರನ್ನು ಇದುವರೆಗೆ ಯಾರೂ ಕೇಳಿಲ್ಲ.